ಗುಡ್ಡದ ಹಳ್ಳಿಗಳ ಬೀಳ್ಕೊಡುಗೆ

ಗುಡ್ಡದ ಹಳ್ಳಿಗಳು ರಾಜ್ಯವನ್ನು ಬಿಟ್ಟುಹೋಗುವ ತೀರ್ಮಾನವನ್ನು ಹಿಟ್ಟಿನ ಗಿರಣಿಯಲ್ಲಿ, ಕರೆಂಟು ಹೋಗಿದ್ದ ಒಂದು ಮಧ್ಯಾಹ್ನ, ಸರ್ವಾನುಮತದಿಂದ ಕೈಗೊಂಡವು ಎಂಬುದನ್ನು ಮೊದಲಿಗೇ ದಾಖಲಿಸಬೇಕು. ಕರೆಂಟು ಇದ್ದಿದ್ದರೆ ಗಿರಣಿಯ ಸದ್ದಿನಲ್ಲಿ ಯಾರ ಮಾತೂ ಯಾರಿಗೂ ಕೇಳುತ್ತಿರಲಿಲ್ಲ, ರಾಜ್ಯದ ಅಖಂಡತೆಗೆ ಧಕ್ಕೆಯೂ ಬರುತ್ತಿರಲಿಲ್ಲ. ಆ ದೃಷ್ಟಿಯಿಂದ ಮುಂದಿನದಕ್ಕೆಲ್ಲ ವಿದ್ಯುತ್ ಇಲಾಖೆಯೇ ಹೊಣೆ.

ಆಗಿದ್ದಿಷ್ಟು. ರಾಜಧಾನಿಯ ಈಜುಕೊಳವೊಂದರಲ್ಲಿ ಶಾಸಕರೊಬ್ಬರು ಕಾಲು ಜಾರಿ ಒಂದೆರಡು ಗುಟುಕು ನೀರು ಕುಡಿದಿದ್ದರು. ಅದರ ಬೆನ್ನಿಗೇ 'ಜಲ ಸುರಕ್ಷತಾ ಕಾಯ್ದೆ' ಬಂತು. ಮೊಣಕಾಲಿಗಿಂತ ಆಳವಾದ ಯಾವುದೇ ನೀರಿನ ಪಕ್ಕದಲ್ಲಿ ಸಮವಸ್ತ್ರ ತೊಟ್ಟ, ಕೊರಳಲ್ಲಿ ಸೀಟಿ ಇರುವ, ಈಜು ಬಲ್ಲ ಕಾವಲುಗಾರ ಇರತಕ್ಕದ್ದು. ಗುಡ್ಡದ ಹಳ್ಳಿಗಳಲ್ಲಿದ್ದದ್ದು ಎಮ್ಮೆ ಮೈತೊಳೆಯುವ ಕೆರೆಗಳು. ತನಿಖಾಧಿಕಾರಿ ಬಂದು, ಸೀಟಿಯಿಲ್ಲದ ಕೆರೆಗೆ ಇಳಿದ ಎಮ್ಮೆಗಳ ಮಾಲೀಕರಿಗೆ ದಂಡ ಹಾಕಿ ಹೋದರು. ಈ ಹಳ್ಳಿಗಳ ಏಕೈಕ ಶಾಸಕ ಕಾಯ್ದೆಯನ್ನು ವಿರೋಧಿಸಿದ್ದ. ಅವನ ವಿರೋಧವನ್ನು ಸದನ ಗೌರವದಿಂದ ಗಮನಿಸಿ ಮುಂದಕ್ಕೆ ಹೋಗಿತ್ತು. ರಾಜಧಾನಿಯ ಪಕ್ಷಕ್ಕೆ ಗುಡ್ಡದವರು ಎಂದೂ ಮತ ಹಾಕಿದವರಲ್ಲ. ರಾಜಧಾನಿಯ ಪಕ್ಷ ಎಂದೂ ಸೋತದ್ದೂ ಇಲ್ಲ.

ಗಿರಣಿಯ ಯಜಮಾನನಿಗೆ ಎಮ್ಮೆ ಇರಲಿಲ್ಲ. ಊರೆಲ್ಲ ಗಿರಣಿಯಣ್ಣ ಎಂದು ಕರೆಯುತ್ತಿದ್ದ ಅವನ ಸಿಟ್ಟು ಬೇರೆ. ಹಿಂದಿನ ಮಳೆಗಾಲದಲ್ಲಿ ಅವನ ತಾಯಿಗೆ ಎದೆನೋವು ಬಂದಾಗ ಹಳ್ಳ ತುಂಬಿ ಹರಿಯುತ್ತಿತ್ತು, ಆಸ್ಪತ್ರೆ ಆಚೆ ದಡದಲ್ಲಿತ್ತು. ಮಂಚ ಹೊತ್ತವರು ನೀರು ಇಳಿಯಲೆಂದು ಈಚೆ ದಡದಲ್ಲಿ ಕಾಯುತ್ತ ನಿಂತರು. ನೀರು ಇಳಿಯುವ ಮೊದಲೇ ಮುದುಕಿ ಹೋದಳು. ಸರ್ಕಾರ ಕೊಟ್ಟ ಮರಣಪತ್ರದಲ್ಲಿ ಕಾರಣ ಹೀಗಿತ್ತು: 'ಸೇತುವೆ ಲಭ್ಯವಿದ್ದರೂ ಬಳಸದೆ ತೋರಿದ ನಿರ್ಲಕ್ಷ್ಯ.' ಸರ್ಕಾರದ ಪ್ರಕಾರ ಅಲ್ಲಿ ಬಹಳ ಹಿಂದೆಯೇ ಸೇತುವೆ ಕಟ್ಟಿ, ಉದ್ಘಾಟಿಸಿ, ಆಗಾಗ ಬಣ್ಣವನ್ನೂ ಬಳಿಯಲಾಗುತ್ತಿತ್ತು. ಹಳ್ಳಕ್ಕೆ ಮಾತ್ರ ಈ ವಿಷಯ ಯಾರೂ ತಿಳಿಸಿರಲಿಲ್ಲ.

"ಗುಡ್ಡದ ಆಚೆ ರಾಜ್ಯದಲ್ಲಿ ನಮ್ಮ ಪಕ್ಷದ್ದೇ ಸರ್ಕಾರ ಇದೆ," ಎಂದರು ಶಾಲೆಯ ಮೇಷ್ಟ್ರು, ಹಿಟ್ಟಿನ ಚೀಲದ ಮೇಲೆ ಕೂತು.

"ಹಾಗಾದ್ರೆ ಅಲ್ಲಿಗೇ ಹೋಗೋಣ," ಎಂದ ಗಿರಣಿಯಣ್ಣ.

"ಊರು ಬಿಟ್ಟಾ?"

"ಊರು ಯಾಕೆ ಬಿಡ್ಬೇಕು ಮೇಷ್ಟ್ರೇ? ಊರು ಸಮೇತ ಹೋಗೋದು. ನಾವು ಅಲ್ಲಾಡೋದು ಬೇಡ, ಗಡಿ ಈಚೆ ಸರಿದ್ರೆ ಸಾಕು."

ಒಳಗಿನಿಂದ ಅವನ ಹೆಂಡತಿ ಹೇಳಿದಳು: "ಗಡಿ ಸರಿಸೋದು ಆಮೇಲಾಯ್ತು. ಆ ಬಾಗಿಲಿಗೆ ಅಡ್ಡ ಇಟ್ಟ ಚೀಲ ಮೊದಲು ಸರಿಸಿ."

ಚೀಲ ಸರಿಸಲಾಯಿತು. ನಿರ್ಣಯ ಅಂಗೀಕಾರವಾಯಿತು. ಆಚೆ ರಾಜ್ಯದ ಮಂತ್ರಿಗಳು ಗುಡ್ಡದವರನ್ನು ಕ್ಯಾಮೆರಾಗಳ ಮುಂದೆ ಅಪ್ಪಿಕೊಂಡು, "ನೀವು ನಮ್ಮವರೇ," ಎಂದರು. ಕ್ಯಾಮೆರಾಗಳು ಹೋದ ಮೇಲೆ, "ನಿಮ್ಮ ಕಡೆಯಿಂದ ಕಡತ ಬರಲಿ, ನೋಡೋಣ," ಎಂದರು.

ಈಚೆ ರಾಜಧಾನಿಯಲ್ಲಿ ಗದ್ದಲವಾಗುತ್ತದೆ, ಪೊಲೀಸರು ಬರುತ್ತಾರೆ ಎಂದು ಗುಡ್ಡದವರು ಕಾದರು. ಬಂದವರು ತೆಳ್ಳಗಿನ, ಮೆಲುದನಿಯ ಒಬ್ಬ ಅಧಿಕಾರಿ. ಅವರ ಹುದ್ದೆಯ ಹೆಸರು ಬೀಳ್ಕೊಡುಗೆ ಅಧಿಕಾರಿ. ಹುದ್ದೆಯನ್ನು ಅದೇ ವಾರ ಸೃಷ್ಟಿಸಲಾಗಿತ್ತು.

"ಸರ್ಕಾರಕ್ಕೆ ನಿಮ್ಮ ಮೇಲೆ ಸಿಟ್ಟಿಲ್ಲ ಯಜಮಾನ್ರೇ," ಎಂದರು ಅವರು ಗಿರಣಿಯ ಬೆಂಚಿನ ಮೇಲಿನ ಹಿಟ್ಟನ್ನು ಕರವಸ್ತ್ರದಿಂದ ಒರೆಸಿಕೊಳ್ಳುತ್ತ. "ಹೋಗೋರನ್ನ ಹಿಡ್ಕೊಳ್ಳೋ ಸರ್ಕಾರ ನಮ್ಮದಲ್ಲ. ಆದ್ರೆ ಕೊಡೋದನ್ನ ಲೆಕ್ಕದ ಪ್ರಕಾರ ಕೊಡ್ಬೇಕು. ನಮ್ಮ ಆಸ್ತಿಪಟ್ಟಿಯಲ್ಲಿ ನಿಮ್ಮ ಹಳ್ಳಿಗಳಿಗೆ ಡಾಂಬರು ರಸ್ತೆ, ಸೇತುವೆ, ಹೆರಿಗೆ ಆಸ್ಪತ್ರೆ, ಶಾಲೆಗೆ ಆರು ಕೋಣೆ ಇದಾವೆ. ಇವನ್ನೆಲ್ಲ ಆಚೆ ರಾಜ್ಯಕ್ಕೆ ಎಣಿಸಿ ಒಪ್ಪಿಸ್ಬೇಕು."

"ಅವು ಯಾವುವೂ ಇಲ್ಲವಲ್ಲ ಸ್ವಾಮಿ."

"ಅದೇ ತೊಂದರೆ ಆಗಿರೋದು. ಇಲ್ಲದ್ದನ್ನ ಒಪ್ಪಿಸಿದ್ರೆ ಲೆಕ್ಕಪರಿಶೋಧಕರು ಆಕ್ಷೇಪಣೆ ಎತ್ತುತ್ತಾರೆ. ಹಾಗಾಗಿ ನೀವು ಹೋಗೋದರೊಳಗೆ ಅವೆಲ್ಲ ಇರೋ ಹಾಗೆ ಮಾಡ್ಬೇಕಾಗಿದೆ."

ಲಾರಿಗಳು ಬಂದವು. ಅಜ್ಜಂದಿರ ಕಾಲದಿಂದ ಅರ್ಜಿ ಕೊಟ್ಟರೂ ಆಗದ ರಸ್ತೆ ಬೇಸಿಗೆ ಮುಗಿಯುವುದರೊಳಗೆ ಆಯಿತು. ಶಾಲೆಯ ಕೋಣೆಗಳೆದ್ದವು, ಮೇಷ್ಟ್ರು ಯಾವ ಕೋಣೆಯಲ್ಲಿ ಕೂರುವುದೆಂದು ತೋಚದೆ ಮೊದಲ ಕೆಲವು ದಿನ ಅಂಗಳದಲ್ಲೇ ಪಾಠ ಮಾಡಿದರು. ಕಡೆಗೆ ಹಳ್ಳದ ಮೇಲೆ ಸೇತುವೆ ಎದ್ದಿತು. ಹಿಂದೆಯೇ ಉದ್ಘಾಟನೆಯಾಗಿದ್ದರಿಂದ ಮತ್ತೆ ಉದ್ಘಾಟಿಸಲು ನಿಯಮದಲ್ಲಿ ಅವಕಾಶವಿರಲಿಲ್ಲ. ಸೇತುವೆಯ ಕಂಬಕ್ಕೆ 'ದುರಸ್ತಿಪಡಿಸಲಾಗಿದೆ' ಎಂಬ ಫಲಕ ಹಾಕಿದರು.

ಗಿರಣಿಯಣ್ಣ ಸೇತುವೆಯ ಮೇಲೆ ಒಂದು ಸಲ ಆಚೆಗೆ ಹೋಗಿ ಈಚೆಗೆ ಬಂದ. ಮಂಚ ಹೊತ್ತವರು ನಿಂತಿದ್ದ ಜಾಗದಲ್ಲಿ ಸ್ವಲ್ಪ ಹೊತ್ತು ನಿಂತ. ಆಮೇಲೆ ನೆಟ್ಟಗೆ ಊರಲ್ಲೇ ತೆರೆದಿದ್ದ ಬೀಳ್ಕೊಡುಗೆ ಕಚೇರಿಗೆ ನಡೆದ.

"ಸೇತುವೆ ಈಗ ಆಯ್ತು. ಹೋದ ವರ್ಷ ಇರ್ಲಿಲ್ಲ. ಅಮ್ಮನ ಪತ್ರದಲ್ಲಿ ಅದೊಂದು ಸಾಲು ತಿದ್ದಿಕೊಡಿ. ಅವಳು ನಿರ್ಲಕ್ಷ್ಯ ಮಾಡಿದೋಳಲ್ಲ."

ಅಧಿಕಾರಿ ನಿಜವಾಗಿಯೂ ಮರುಕಪಟ್ಟರು. "ನನಗೂ ತಾಯಿ ಇದ್ದಾರೆ ಯಜಮಾನ್ರೇ. ಆದ್ರೆ ಹೋದ ವರ್ಷ ಸೇತುವೆ ಇರ್ಲಿಲ್ಲ ಅಂತ ಬರೆದ್ರೆ, ಈ ವರ್ಷ ನಾವು ದುರಸ್ತಿ ಮಾಡಿದ್ದು ಏನನ್ನ?"

ಗಿರಣಿಯಣ್ಣ ಪತ್ರ ಮಡಚಿಕೊಂಡು ಹೊರಟ. ಮನೆಗೆ ಬಂದು ಹೆಂಡತಿಗೆ, "ನಾನಂತೂ ಈ ರಾಜ್ಯದಲ್ಲಿ ಇರೋನಲ್ಲ," ಎಂದಷ್ಟೇ ಹೇಳಿದ. ಅವಳು ಅವನ ಮುಂದೆ ನೀರಿನ ಚೊಂಬು ಇಟ್ಟಳು. ಅತ್ತೆಯ ಕೊನೆಯ ಹೊತ್ತಿನಲ್ಲಿ ಕೈ ಹಿಡಿದು ಕೂತಿದ್ದವಳು ಅವಳೇ.

ಊರಿನವರ ಮನಸ್ಸು ಮಾತ್ರ ಇಷ್ಟರಲ್ಲಿ ತಣ್ಣಗಾಗುತ್ತಿತ್ತು. ರಸ್ತೆ ಬಂತು, ಆಸ್ಪತ್ರೆ ಬಂತು, ಇನ್ನು ಹೋಗುವುದೇಕೆ ಎಂದು ಒಬ್ಬ ಎಮ್ಮೆಯವನು ಚಹಾದಂಗಡಿಯಲ್ಲಿ ಬಾಯಿತಪ್ಪಿ ಅಂದ. ಮರುದಿನವೇ ನಲ್ಲಿಯ ಪೈಪು ತಂದಿದ್ದ ಲಾರಿ ಪೈಪು ಇಳಿಸದೆ ಹಿಂದಿರುಗಿತು. ವಿಚಾರಿಸಿದಾಗ ಅಧಿಕಾರಿ ಸುತ್ತೋಲೆ ತೋರಿಸಿದರು. ಈ ಸವಲತ್ತುಗಳೆಲ್ಲ 'ನಿರ್ಗಮನಾಪೇಕ್ಷಿ ಗ್ರಾಮ'ಗಳಿಗೆ ಮಾತ್ರ; ರಾಜ್ಯದಲ್ಲೇ ಉಳಿಯಲು ಬಯಸುವವರು ಎಂದಿನಂತೆ ಅರ್ಜಿ ಕೊಟ್ಟು ಕಾಯತಕ್ಕದ್ದು.

ಅಂದಿನಿಂದ ಪ್ರತಿ ಸೋಮವಾರ ಊರಿನವರೆಲ್ಲ ಕಚೇರಿಯ ಮುಂದೆ ಸೇರಿ, "ಬಿಟ್ಟೇ ಹೋಗುತ್ತೇವೆ," ಎಂದು ಕೂಗಿ, ಹಾಜರಿ ಹಾಕಿ, ಕೆಲಸಕ್ಕೆ ಹೋಗತೊಡಗಿದರು. ಪೈಪಿನ ಲಾರಿ ಮರಳಿ ಬಂತು. ಹುಷಾರಿಲ್ಲದವರು ರಜೆಚೀಟಿ ಕಳಿಸುತ್ತಿದ್ದರು. ರಾಜ್ಯನಿಷ್ಠೆಗೆ ಹೆಸರಾಗಿದ್ದ ಕೆಳಗಿನ ಹಳ್ಳಿಗಳವರು ಒಂದು ದಿನ ಬಂದು ಹೊಸ ರಸ್ತೆಯನ್ನು ಕಾಲಿನಿಂದ ಒತ್ತಿ ನೋಡಿ ಹೋದರು. ಆ ತಿಂಗಳೊಳಗೆ ಅವರಿಗೂ ರಾಜಧಾನಿಯ ಜೊತೆ ತೀವ್ರ ಭಿನ್ನಾಭಿಪ್ರಾಯ ಹುಟ್ಟಿತು. ಚುನಾವಣೆ ಬಂದಾಗ ರಾಜಧಾನಿಯ ಪಕ್ಷ 'ನಿಮ್ಮನ್ನು ಕಳುಹಿಸಿಕೊಡುವುದೇ ನಮ್ಮ ಗುರಿ' ಎಂಬ ಘೋಷಣೆಯೊಂದಿಗೆ ಗುಡ್ಡ ಹತ್ತಿತು. ಗುಡ್ಡದವರು ಮೊಟ್ಟಮೊದಲ ಬಾರಿಗೆ ಆ ಪಕ್ಷಕ್ಕೆ ಕಣ್ಣುಮುಚ್ಚಿ ಮತ ಹಾಕಿದರು.

ಎಲ್ಲವೂ ಸುಸೂತ್ರವಾಗಿ ನಡೆಯುತ್ತಿರುವಾಗ ಅನಾಹುತವೊಂದಾಯಿತು. ಆಚೆ ರಾಜ್ಯದಿಂದ ಒಪ್ಪಿಗೆ ಬಂತು. ಯಾವನೋ ಹೊಸ ಗುಮಾಸ್ತ, ಇಲಾಖೆಯ ಪದ್ಧತಿ ಗೊತ್ತಿಲ್ಲದವನು, ಈಚೆಯಿಂದ ಹೋಗಿದ್ದ ಕಡತವನ್ನು ಓದಿಬಿಟ್ಟಿದ್ದನಂತೆ.

ಗಿರಣಿಯಲ್ಲಿ ತುರ್ತು ಸಭೆ ಸೇರಿತು. ಯಾರ ಮುಖದಲ್ಲೂ ಗೆಲುವಿರಲಿಲ್ಲ.

"ತಡೆಯಾಜ್ಞೆ ತರೋಣ," ಎಂದರು ಮೇಷ್ಟ್ರು. "ನಲ್ಲಿ ಕೆಲಸ ಅರ್ಧಕ್ಕೆ ನಿಂತಿದೆ."

"ಹೋಗ್ಬೇಕು ಅಂತಾನೇ ಅಲ್ವಾ ನಾವು ಹೊರಟಿದ್ದು?" ಎಂದ ಗಿರಣಿಯಣ್ಣ.

ಹೆಂಗಸರ ಮುಂದೆ ಆಡಬಾರದ ಮಾತು ಆಡಿದನೇನೋ ಎಂಬಂತೆ ಎಲ್ಲರೂ ನೆಲ ನೋಡಿದರು. ಎಮ್ಮೆಯವನು ಸಮಾಧಾನದ ದನಿಯಲ್ಲಿ, "ಹೋಗೋ ಆಸೆ ಬೇರೆ, ಹೋಗೋದು ಬೇರೆ ಅಣ್ಣ," ಎಂದ. "ಆಸೆ ಬಿಟ್ಟಿದೀವಾ ನಾವು? ಸೋಮವಾರ ಒಂದೂ ತಪ್ಪಿಸಿಲ್ಲ."

ಸಭೆಗೆ ಬಂದಿದ್ದ ಬೀಳ್ಕೊಡುಗೆ ಅಧಿಕಾರಿ ನಿಯಮ ವಿವರಿಸಿದರು. ಒಪ್ಪಿಗೆ ಬಂದ ಕಡತವನ್ನು ಯಾರೂ ಹೋಗದೆ ಮುಚ್ಚಲು ಬರುವುದಿಲ್ಲ. ಆದರೆ ಎಲ್ಲರೂ ಹೋಗಬೇಕೆಂದು ಎಲ್ಲೂ ಬರೆದಿಲ್ಲ. "ಒಬ್ಬರು ಹೋದ್ರೂ ನಡೆಯುತ್ತೆ," ಎಂದು ಅವರು ಗಿರಣಿಯಣ್ಣನ ಕಡೆ ನೋಡಿದರು. ಮಿಕ್ಕವರೂ ಅತ್ತಲೇ ನೋಡಿದರು.

"ಆಯ್ತು," ಎಂದ ಅವನು. "ನಾನು ಹೋಗ್ತೀನಿ."

ಮೋಜಣಿದಾರರು ಬಂದು ಸರಪಳಿ ಹಿಡಿದು ಅಳೆದರು. ಗಿರಣಿ, ಅದರ ಹಿಂದಿನ ಪಡಸಾಲೆ, ಮಲಗುವ ಕೋಣೆ ಆಚೆ ರಾಜ್ಯಕ್ಕೆ ಸೇರಿದವು. ಅಡುಗೆಮನೆಯನ್ನು ಹೆಂಡತಿ ತವರಿನವರ ನೆರವಿನಿಂದ ತನ್ನ ಹೆಸರಲ್ಲಿ ಕಟ್ಟಿಸಿಕೊಂಡಿದ್ದಳು. ಅವಳು ಎಲ್ಲಿಗೂ ಹೋಗಲು ಅರ್ಜಿ ಹಾಕಿರಲಿಲ್ಲ. ಹಾಗಾಗಿ ಅದು ಈಚೆ ರಾಜ್ಯದಲ್ಲೇ ಉಳಿಯಿತು. ಗಡಿಯ ಗೆರೆ ಅಡುಗೆಮನೆಯ ಹೊಸಿಲಿನ ಮೇಲೆ ಹಾದುಹೋಯಿತು. ಅಲ್ಲೊಂದು ಕುರ್ಚಿ ಹಾಕಿ, ಮೇಷ್ಟ್ರ ಭಾವಮೈದನನ್ನು ಗಡಿ ಕಾವಲಿಗೆ ನೇಮಿಸಿದರು. ಅಷ್ಟರಲ್ಲಿ ಆಚೆ ರಾಜ್ಯದಲ್ಲೂ ಚುನಾವಣೆ ನಡೆದು, ಗಿರಣಿಯಣ್ಣ ಯಾರನ್ನು ನಂಬಿ ಹೋಗಿದ್ದನೋ ಆ ಪಕ್ಷ ಸೋತಿತ್ತು. ಹೊಸ ಸರ್ಕಾರ ಅವನನ್ನು ಹಾರ್ದಿಕವಾಗಿ ಸ್ವಾಗತಿಸಿ, ಇಡೀ ಗಡಿಜಿಲ್ಲೆಯ ಬಾಕಿ ಕಂದಾಯವನ್ನು ಅವನೊಬ್ಬನೇ ಕಟ್ಟಬೇಕೆಂದು ಒಂದು ನೋಟೀಸು ಕಳಿಸಿತು.

ಊರಿನವರು ಹಿಟ್ಟು ಬೀಸಿಸಲು ಈಗ ಹೊರರಾಜ್ಯಕ್ಕೆ ಹೋಗುತ್ತಾರೆ. ಹೋಗುವಾಗ ಬರೀ ಕಾಳು, ಬರುವಾಗ ಹಿಟ್ಟು ಎಂದು ಬರೆಸಬೇಕು. ಯಾರೂ ತಕರಾರು ಮಾಡಿಲ್ಲ. ಬರೆದುಕೊಳ್ಳುವ ಕೆಲಸ ಎಮ್ಮೆಯವನ ಸೊಸೆಗೆ ಸಿಕ್ಕಿದೆ.

ಮೊದಲ ದಿನ ಮಧ್ಯಾಹ್ನ ಗಿರಣಿಯಣ್ಣ ಹಿಟ್ಟಿನ ಮೈಯಲ್ಲೇ ಊಟಕ್ಕೆ ಎದ್ದ. ಹೊಸಿಲ ಬಳಿ ಮೇಷ್ಟ್ರ ಭಾವಮೈದ ಕುರ್ಚಿಯಿಂದ ಏಳದೆಯೇ ಕೇಳಿದ: "ಪ್ರವಾಸದ ಉದ್ದೇಶ?"

"ಊಟ."

"ಎಷ್ಟು ಹೊತ್ತು ತಂಗುತ್ತೀರಿ?"

ಗಿರಣಿಯಣ್ಣ ಒಳಗೆ ಹೆಂಡತಿಯ ಕಡೆ ನೋಡಿದ. ಅವಳು ತಟ್ಟೆ ಹಾಕುತ್ತಿದ್ದಳು.

"ಬಿಡಪ್ಪ ಅವರನ್ನ, ಆರಿಹೋಗುತ್ತೆ," ಎಂದಳು. ಆಮೇಲೆ ಗಂಡನಿಗೆ: "ರೀ, ಈಗಷ್ಟೇ ನೆಲ ಒರೆಸಿದೀನಿ. ಚಪ್ಪಲಿ ಆ ರಾಜ್ಯದಲ್ಲೇ ಬಿಟ್ಟು ಬನ್ನಿ."

ಅವನು ಬಿಟ್ಟು ಬಂದ.