ಎಪ್ಪತ್ತು ಕೆ.ಜಿ. ಕಾರ್ಯದರ್ಶಿ

ನಮ್ಮ ಪಕ್ಕದ್ಮನೆ ಬದರೀನಾರಾಯಣರಾಯರು ಎಂಬತ್ತೊಂಬತ್ತು ಕೆ.ಜಿ. ಇದ್ರು. ಇದು ಸಂಘದ ತಕ್ಕಡೀಲಿ, ಡೈರೆಕ್ಟರುಗಳ ಎದುರಿಗೆ ತೂಗಿ, ಸೀಲು ಒತ್ತಿರೋ ಸಂಗತಿ. ನಾನು ಕಾಂಪೌಂಡ್ ಮೇಲಿಂದ ಇಣುಕಿ ಹೊಟ್ಟೆಕಿಚ್ಚಿಗೆ ಹೇಳ್ತಿರೋದಲ್ಲ.

ಸಂಘ ಅಂದ್ರೆ ಕಪಿಲಾ ಭತ್ತ ಮಾರಾಟ ಸಹಕಾರ ಸಂಘ. ಹೆಡ್ಡಾಫೀಸು ಇಲ್ಲಿ ನಂಜನಗೂಡಲ್ಲಿ, ಗೋಡೌನು ಟಿ. ನರಸೀಪುರದಲ್ಲಿ. ನಮ್ಮೆಜಮಾನ್ರು ಗೋಡೌನಲ್ಲಿ ಅಟೆಂಡರ್ರು. ಅದಕ್ಕೇ ನಂಗೆ ಇಷ್ಟೆಲ್ಲ ಗೊತ್ತು. ಇಲ್ದಿದ್ರೆ ಇನ್ನೊಬ್ಬರ ಮನೆ ವಿಷಯ ನನಗ್ಯಾಕೆ, ಹೇಳಿ?

ರಾಯರು ಹನ್ನೊಂದು ವರ್ಷದಿಂದ ಹಂಗಾಮಿ ಕಾರ್ಯದರ್ಶಿ. ಕಾಯಂ ಆಗಿ ಐದು ವರ್ಷ ಕೆಲಸ ಮಾಡಿದ್ರೆ ಪಿಂಚಣಿ ಬರತ್ತೆ. ಅವರ ಸರ್ವೀಸು ಉಳಿದಿದ್ದೂ ಐದು ವರ್ಷ, ಚಿಲ್ರೆ. ಎಂಬತ್ಮೂರನೇ ಇಸವಿ ಯುಗಾದಿ ಒಳಗೆ ಕಾಯಂ ಆದ್ರೆ ಸಾಯೋವರೆಗೂ ಅನ್ನ. ಆಗ್ದಿದ್ರೆ ಒಂದು ಹಾರ, ಒಂದು ತೆಂಗಿನಕಾಯಿ.

ಅಡ್ಡ ಬಂದಿದ್ದು ಅಟ್ಟ. ಗೋಡೌನಿನಲ್ಲಿ ಕಾರ್ಯದರ್ಶಿ ಆಫೀಸು ಮರದ ಅಟ್ಟದ ಮೇಲೆ. ಹಿಂದಿನ ಕಾಯಂ ಕಾರ್ಯದರ್ಶಿ ಹಲಗೆ ಮುರ್ಕೊಂಡು ಕೆಳಗೆ ಭತ್ತದ ಮೂಟೆ ಮೇಲೆ ಬಿದ್ದಿದ್ರಂತೆ. ಅದಾದ್ಮೇಲೆ ಯಾರೂ ಮೇಲಕ್ಕೆ ಹತ್ತಿರ್ಲಿಲ್ಲ. ಹಲಗೆ ಬದಲಾಯಿಸಕ್ಕೆ ಮುನ್ನೂರು ರೂಪಾಯಿ ಆಗತ್ತೆ ಅಂದ ಆಚಾರಿ. ಮುನ್ನೂರು ಖರ್ಚು ಮಾಡ್ಬೇಕಾದ್ರೆ ಮೂರು ಕೊಟೇಶನ್ ಬೇಕು, ಗೋಡೌನಿನ ಕಡೆ ಇರೋ ಆಚಾರಿ ಒಬ್ಬನೇ. ನಿಯಮ ಮಾಡಕ್ಕೆ ಕೊಟೇಶನ್ ಬೇಡ. ಅದಕ್ಕೇ ನಿಯಮ ಮಾಡಿದ್ರು. ಹೆಡ್ಡಾಫೀಸಿನ ಗೋಡೆ ಮೇಲೆ ಅಂಟಿಸಿದ್ರು, ನಾನೇ ನಿಂತು ಓದ್ಸಿ ಕೇಳಿದೀನಿ:

"ಸಂಘದ ಅಟ್ಟದ ಸುರಕ್ಷತೆಯ ಹಿತದೃಷ್ಟಿಯಿಂದ, ಕಾರ್ಯದರ್ಶಿ ಹುದ್ದೆಯಲ್ಲಿ ಕಾಯಂಗೊಳ್ಳುವವರ ದೇಹತೂಕವು ಎಪ್ಪತ್ತು ಕೆ.ಜಿ. ಮೀರತಕ್ಕದ್ದಲ್ಲ. ಮೀರಿದ ಪಕ್ಷದಲ್ಲಿ ಸದರಿಯವರು ವೈದ್ಯರ ಚೀಟಿಯ ಮೇರೆಗೆ, ಸಂಘದ ವೆಚ್ಚದಲ್ಲಿ, ತಮ್ಮ ತೂಕವನ್ನು ಇಳಿಸಿಕೊಳ್ಳತಕ್ಕದ್ದು. ಔಷಧಿಯನ್ನು ಅಧ್ಯಕ್ಷರು ಸೂಚಿಸಿದ ಅಂಗಡಿಯಿಂದಲೇ ಕೊಳ್ಳತಕ್ಕದ್ದು."

ಅಧ್ಯಕ್ಷರು ಅಂದ್ರೆ ಚಿಕ್ಕಬಸಪ್ಪನೋರು. ಅವರು ಸೂಚಿಸಿದ್ದು ಅವರ ಭಾವಮೈದ ಶಿವಸ್ವಾಮಿ ಮೆಡಿಕಲ್ ಸ್ಟೋರನ್ನ. ಭಾವಮೈದ ಅನ್ನೋ ಕಾರಣಕ್ಕಲ್ಲವಂತೆ, ಅಂಗಡಿ ಹತ್ರ ಇದೆ ಅನ್ನೋ ಕಾರಣಕ್ಕಂತೆ. ನಡುವೆ ಇನ್ನೂ ಎರಡು ಅಂಗಡಿ ಇವೆ, ಅವು ಬಹಳ ಹತ್ರ ಆದ್ವು.

ರಾಯರು ಪ್ರಹ್ಲಾದ ಡಾಕ್ಟ್ರ ಹತ್ರ ಹೋದ್ರು. ಡಾಕ್ಟ್ರು ಚೀಟಿ ಬರೆದು ಹೇಳಿದ್ರು: "ಹಸಿವು ಕಟ್ಟೋ ಮಾತ್ರೆ, ಬೊಂಬಾಯಿಂದ ಬರತ್ತೆ. ಬಾಟ್ಲಿಗೆ ಎಂಬತ್ತು ರೂಪಾಯಿ. ಜೊತೆಗೆ ಊಟ ಕಮ್ಮಿ ಮಾಡ್ಬೇಕು."

"ಊಟ ಕಮ್ಮಿ ಮಾಡಿದ್ರೆ ಮಾತ್ರೆ ಇಲ್ದೇನೂ ಇಳಿಯತ್ತಲ್ವೇ ಡಾಕ್ಟ್ರೇ?"

"ಇಳಿಯತ್ತೆ."

"ಮತ್ತೆ ಮಾತ್ರೆ ಯಾಕೆ?"

"ಸಂಘ ದುಡ್ಡು ಕೊಡತ್ತಲ್ಲ ರಾಯರೇ. ಊಟ ಬಿಡೋದಕ್ಕೆ ಬಿಲ್ಲು ಎಲ್ಲಿಂದ ತರ್ತೀರಿ?"

ರಾಯರಿಗೆ ಮಾತು ಸರಿ ಅನ್ನಿಸ್ತು. ಮಾತ್ರೆ ಶುರುವಾಯ್ತು.

ಮಾತ್ರೆ ಕೆಲಸ ಮಾಡ್ಲಿಲ್ಲ ಅಂತ ನಾನು ಸುಳ್ಳು ಹೇಳಲ್ಲ. ವಾರದೊಳಗೆ ಹಸಿವು ಸತ್ತೋಯ್ತು. ಆದ್ರೆ ಬಾಯಿ ಒಣಗಕ್ಕೆ ಹತ್ತಿತು, ನಿದ್ದೆ ಹಾರೋಯ್ತು. ರಾಯರ ಹೆಂಡ್ತಿ ವೆಂಕಟಲಕ್ಷ್ಮಿ ಬಟ್ಟೆ ಒಣಗಹಾಕ್ತಾ ಕಾಂಪೌಂಡ್ ಹತ್ರ ಬಂದ್ರು.

"ರೀ ಚನ್ನಾಜಮ್ಮ, ಉಷ್ಣ ಕಣ್ರೀ, ಉಷ್ಣ! ಅಂಗಾಲೆಲ್ಲ ಉರಿ ಅಂತಾರೆ. ಕಣ್ಣು ನೋಡಿ, ಕೆಂಡ."

"ಇಂಗ್ಲಿಷ್ ಔಷಧಿ ಅಂದ್ಮೇಲೆ ಉಷ್ಣ ಇರ್ದೆ ತಂಪಿರತ್ತೇನ್ರೀ? ಹೊಟ್ಟೇಲಿ ಏನಾದ್ರೂ ತಂಪು ಹಾಕಿ ಆಮೇಲೆ ಕೊಡಿ," ಅಂದೆ. ಏನೋ ಬಾಯಿಮಾತಿಗೆ ಅಂದಿದ್ದು.

ಆವಮ್ಮ ಬಾಯಿಮಾತು ಅಂತ ಬಿಡೋರಲ್ಲ. ಮಾರನೇ ದಿನದಿಂದ ಮಾತ್ರೆಗೆ ಮುಂಚೆ ನಿಂಬೆಹಣ್ಣಿನ ಗಾತ್ರ ಬೆಣ್ಣೆ. ಮಾತ್ರೆ ಆದ್ಮೇಲೆ ಎರಡು ರಸಬಾಳೆಹಣ್ಣು, ತುಪ್ಪ ಸಕ್ಕರೆ ಹಾಕಿ. ಮಧ್ಯಾಹ್ನ ಕೆನೆ ಮೊಸರು. ರಾತ್ರಿ ನಿದ್ದೆ ಬರಲಿ ಅಂತ ಗಸಗಸೆ ಪಾಯಸ, ಒಂದು ಲೋಟ. ಆ ಘಮಕ್ಕೆ ನಮ್ಮನೆ ಬೆಕ್ಕು ಅವರ ಮನೇಲೇ ಸಂಸಾರ ಹೂಡ್ತು.

"ನಂಗೆ ಹಸಿವೇ ಇಲ್ಲ ಕಣೇ," ಅಂತಿದ್ರು ರಾಯರು. ಗೋಡೆ ಈಚೆಗೆ ಕೇಳ್ತಿತ್ತು.

"ಹಸಿವಿಗೆ ಯಾರು ಕೊಟ್ರು? ಇದು ಔಷಧಿ ಜೊತೇದು. ಸುಮ್ನೆ ಕುಡೀರಿ."

ತಿಂಗಳು ಬಿಟ್ಟು ತೂಗಿದ್ರು. ತೊಂಬತ್ತೊಂದು.

ಡಾಕ್ಟ್ರು ಯೋಚನೆ ಮಾಡಿ, ಮಾತ್ರೆ ಸಾಲ್ದು ಅಂತ ಎರಡು ಮಾಡಿದ್ರು. ಮಾತ್ರೆ ಎರಡಾದ್ರೆ ಉಷ್ಣ ಎರಡು, ಉಷ್ಣ ಎರಡಾದ್ರೆ ಬೆಣ್ಣೆ ಎರಡು. ಲೆಕ್ಕ ಎಲ್ಲೂ ತಪ್ಪಲಿಲ್ಲ. ಶಿವಸ್ವಾಮಿ ಅಂಗಡೀಲಿ ಬಾಟ್ಲಿ ಎಂಬತ್ತರಿಂದ ನೂರಕ್ಕೆ ಹೋಯ್ತು, ಯಾಕಯ್ಯಾ ಅಂದ್ರೆ "ಬೇಡಿಕೆ ಜಾಸ್ತಿ" ಅಂದ. ಬೇಡಿಕೆ ರಾಯರೊಬ್ಬರದೇ.

ಸಂಘದ ಮೀಟಿಂಗಲ್ಲಿ ಒಬ್ಬ ಡೈರೆಕ್ಟರು ಬಾಯಿಬಿಟ್ರಂತೆ: "ಅಧ್ಯಕ್ಷರೇ, ಈ ದುಡ್ಡಲ್ಲಿ ಅಟ್ಟಕ್ಕೆಲ್ಲ ತೇಗದ ಹಲಗೆ ಹಾಕ್ಬೋದಿತ್ತಲ್ಲ?"

ಚಿಕ್ಕಬಸಪ್ಪನೋರು ಬೇಜಾರು ಮಾಡ್ಕೊಂಡ್ರಂತೆ. "ಈಗ ಹಲಗೆ ಹಾಕಿದ್ರೆ, ರಾಯರು ಇಷ್ಟು ದಿನ ನುಂಗಿದ ಮಾತ್ರೆ ದಂಡ ಆಗಲ್ವೇನ್ರೀ? ಆಡಿಟ್‌ನೋರು ಕೇಳಿದ್ರೆ ಏನಂತೀರಿ? ಹಲಗೆ ವಿಷಯ ಎತ್ತೋರು ಸಂಘಕ್ಕೆ ನಷ್ಟ ಮಾಡೋರು." ಆ ಡೈರೆಕ್ಟರು ಕ್ಷಮೆ ಕೇಳಿ ಕೂತ್ಕೊಂಡ್ರು.

ಯುಗಾದಿ ಹತ್ರ ಬಂತು. ಕೊನೇ ತೂಕ ಗೋಡೌನಲ್ಲೇ, ಭತ್ತ ತೂಗೋ ತಕ್ಕಡೀಲಿ. ವೆಂಕಟಲಕ್ಷ್ಮಿ ನಂಜುಂಡೇಶ್ವರನಿಗೆ ಗಂಡನ ತೂಕದಷ್ಟು ಬೆಲ್ಲ ಹರಕೆ ಹೊತ್ತಿದ್ರು. "ಇಳಿದಿದ್ರೆ ಬೆಲ್ಲವೂ ಕಮ್ಮಿಗೆ ಮುಗೀತಿತ್ತು," ಅಂತ ಕಣ್ಣು ಒರೆಸ್ಕೊಂಡ್ರು. ನಿಜ ಹೇಳ್ತೀನಿ, ಆವತ್ತು ನನಗೂ ಅಯ್ಯೋ ಅನ್ನಿಸ್ತು. ಹನ್ನೊಂದು ವರ್ಷ ದುಡಿದ ಮನುಷ್ಯ ಬೆಳಿಗ್ಗೆ ನೀರೂ ಕುಡೀದೆ ಬಸ್ ಹತ್ತಿದ್ರು. ಪಾಯಸ ಮಾತ್ರ ಕುಡಿದಿದ್ರು.

ಗೋಡೌನಲ್ಲಿ ಆಗ ಮೂಗೂರಿನ ಮಾದಯ್ಯನ ಭತ್ತ ತೂಗ್ತಿದ್ರು. ಚೀಲಕ್ಕೆ ಇಷ್ಟು, ತೇವಕ್ಕೆ ಇಷ್ಟು, ಜೊಳ್ಳಿಗೆ ಇಷ್ಟು ಅಂತ ಕಳೆದು ಬರ್ಕೊಂಡ್ರು. ಅವನ ಮೂಟೆ ಇಳಿಸಿ ರಾಯರನ್ನ ಹತ್ತಿಸಿದ್ರು. ಮುಳ್ಳು ತೊಂಬತ್ನಾಲ್ಕಕ್ಕೆ ನಿಂತ್ಕೊಳ್ತು.

ರಾಯರು ಅಲ್ಲೇ ತಕ್ಕಡಿ ಮೇಲೆ ಕಣ್ಣುಮುಚ್ಚಿ ಕೂತ್ಬಿಟ್ರು. ಚಿಕ್ಕಬಸಪ್ಪನೋರ ಮುಖವೂ ಬಿಳಚ್ಕೊಂಡಿತ್ತು. ತೂಕ ಇಳೀಲಿಲ್ಲ ಅಂತಾದ್ರೆ ಅಷ್ಟು ಬಿಲ್ಲು ಯಾಕೆ ಕೊಟ್ರಿ ಅನ್ನೋ ಮಾತು ಬರತ್ತಲ್ಲ. ಸ್ವಲ್ಪ ಹೊತ್ತು ಮೀಸೆ ಕೆರ್ಕೊಂಡು, "ಕಳೀರಿ," ಅಂದ್ರು.

"ಏನು ಕಳೀಬೇಕು ಸಾ?" ಅಂದ ತೂಕದೋನು.

"ಏನಯ್ಯಾ ಹೊಸದಾಗಿ ಬಂದೋನ ಥರ ಕೇಳ್ತೀಯ? ಸಂಘದ ತಕ್ಕಡಿ ಮೇಲೆ ಏನೇ ಕೂತ್ರೂ ಕಳೆದು ಬರ್ಕೋಬೇಕು. ಬೈಲಾ. ಮೊದ್ಲು ಚೀಲ."

ಪಂಚೆ, ಕೋಟು, ರುಮಾಲು, ಜನಿವಾರ. ಚೀಲಕ್ಕೆ ನಾಲ್ಕು ಕಳೆದ್ರು.

"ತೇವ?"

"ಪಾಯಸ ಕುಡಿದಿದೀನಿ," ಅಂದ್ರು ರಾಯರು, ಕಣ್ಣು ಬಿಟ್ಟು. "ಬೆವರೂ ಇದೆ."

"ಹನ್ನೆರಡು ಹಾಕು. ಜೊಳ್ಳು?"

ಡೈರೆಕ್ಟರುಗಳು ಮುಖ ಮುಖ ನೋಡ್ಕೊಂಡ್ರು. "ರಾಯರಲ್ಲಿ ಜೊಳ್ಳು ಇದೆ ಅಂತ ಹೇಗೆ ಬರೆಯೋದು, ಮರ್ಯಾದಸ್ಥರು," ಅಂದ್ರು ಒಬ್ಬರು.

"ಇದೆ ಸ್ವಾಮಿ, ಇದೆ!" ಅಂತ ರಾಯರೇ ಕೈಮುಗಿದ್ರು. "ಮೊದಲಿಂದಾನೂ ಇದೆ. ಧಾರಾಳವಾಗಿ ಬರ್ಕೊಳ್ಳಿ."

ಜೊಳ್ಳಿಗೆ ಒಂಬತ್ತು. ನಿವ್ವಳ ತೂಕ ಅರವತ್ತೊಂಬತ್ತು. ಎಲ್ಲರೂ ಚಪ್ಪಾಳೆ ತಟ್ಟಿದ್ರು.

ಮೂಲೇಲಿ ನಿಂತಿದ್ದ ಮಾದಯ್ಯ ಅಂದ: "ನನ್ ಬತ್ತದಲ್ಲಿ ಜೊಳ್ಳೇ ಇರ್ನಿಲ್ಲ ಸಾ, ಆದ್ರೂ ಕಳುದ್ರಿ."

"ಸುಮ್ನಿರಲಾ. ರಾಯರೇ ತಕರಾರು ಮಾಡ್ಲಿಲ್ಲ, ನಿಂದೇನು?" ಅಂದ್ರು ಅಧ್ಯಕ್ಷರು.

ಆರ್ಡರು ಅಲ್ಲೇ ಆಯ್ತು: "ಮಾತ್ರೆಗಳ ಪರಿಣಾಮದಿಂದ ಅರವತ್ತೊಂಬತ್ತು ಕೆ.ಜಿ.ಗೆ ಇಳಿದಿರುವ ಶ್ರೀಯುತರನ್ನು ಕಾಯಂಗೊಳಿಸಿದೆ. ಶ್ರೀಯುತರು ಇಂದು ಪೂರ್ವಾಹ್ನ ಅಟ್ಟದ ಮೇಲೆ ಅಧಿಕಾರ ವಹಿಸಿಕೊಂಡಿರುತ್ತಾರೆ. ಸಾಧಿಸಿದ ತೂಕವು ಕೆಡದಂತೆ ಮಾತ್ರೆಗಳನ್ನು ಮುಂದುವರಿಸತಕ್ಕದ್ದು."

ರಾಯರು ಹಾರ ಹಾಕ್ಕೊಂಡು ಏಣಿ ಎರಡು ಮೆಟ್ಟಿಲು ಹತ್ತಿದ್ರಂತೆ. ಮೇಲಿಂದ ಕರಕರ ಅಂತ ಮರದ ಪುಡಿ ಉದುರ್ತು.

"ಇಳೀರಿ ಸ್ವಾಮಿ," ಅಂದ್ರು ಚಿಕ್ಕಬಸಪ್ಪನೋರು. "ಆರ್ಡರಲ್ಲಿ ಹತ್ತಾಗಿದೆಯಲ್ಲ, ಮತ್ತೆ ಯಾಕೆ ಎರಡ್ಸಲ ಹತ್ತೋದು?"

ಆವತ್ತಿಂದ ರಾಯರು ಕೆಳಗೆ ಮೂಟೆ ಮೇಲೆ ಜಮಖಾನ ಹಾಸ್ಕೊಂಡು ಕೂರ್ತಾರೆ. ಆಫೀಸು ಮಾತ್ರ ಮೇಲೇ. ಕಾರ್ಯದರ್ಶಿ ಮುಂದೆ ಬರಬೇಕಾದ ಕಾಗದ ಅಟ್ಟಕ್ಕೇ ಹೋಗ್ಬೇಕು ಅಂತ ಬೈಲಾ ಇದೆ. ಅದಕ್ಕೆ ಒಂದು ಬುಟ್ಟಿ, ಒಂದು ಹಗ್ಗ. ಮೇಲೆ ನಮ್ಮೆಜಮಾನ್ರು. ಅವರು ಐವತ್ತು ಕೆ.ಜಿ. ದಾಟಿದೋರಲ್ಲ, ಅದು ನನ್ನ ಅಡುಗೆ ಗುಣ ಅಂತ ನಮ್ಮತ್ತೆ ಊರೆಲ್ಲ ಹೇಳ್ಕೊಂಡು ಬಂದಿದಾರೆ.

ಹೋದ ವಾರ ಮಾದಯ್ಯ ಭತ್ತದ ದುಡ್ಡಿಗೆ ಬಂದ. ರಾಯರನ್ನ ತಕ್ಕಡಿ ಮೇಲೆ ಕಣ್ಣಾರೆ ಕಂಡೋನೇ ಅವನು. ಆದ್ರೂ ಮೂಟೆ ಮೇಲೆ ಕೂತಿದ್ದ ರಾಯರನ್ನೇ ಪದ್ಧತಿ ಪ್ರಕಾರ ಕೇಳ್ದ: "ಸೆಕ್ರೆಟ್ರಿಗೋಳು ಎಲ್ಲವ್ರೆ ಸಾ?"

"ಮೇಲಿದಾರೆ ಕಣಯ್ಯ. ಕಾಗದ ಬುಟ್ಟಿಗೆ ಹಾಕು."

ಹಾಕ್ದ. ನಮ್ಮೆಜಮಾನ್ರು ಎಳ್ಕೊಂಡ್ರು, ಅಟ್ಟದ ಆಚೆ ಕಡೆಯಿಂದ ರಾಯರ ಮುಂದಕ್ಕೆ ಇಳಿಬಿಟ್ರು. ರಾಯರು ರುಜು ಹಾಕಿದ್ರು. ಬುಟ್ಟಿ ಮೇಲಕ್ಕೆ ಹೋಯ್ತು, ಈಚೆ ಕಡೆಯಿಂದ ಮಾದಯ್ಯನ ಕೈಗೆ ಬಂತು. ಅವನು ಕಾಗದ ಕಣ್ಣಿಗೆ ಒತ್ಕೊಂಡ.

"ಭಾರಿ ದಪ್ಪ ಇದ್ರಂತಲ್ಲ ಸಾ ಸೆಕ್ರೆಟ್ರಿಗೋಳು. ಮಾತ್ರೇಲಿ ಸಣ್ಣಗಾದ್ರಾ?"

ರಾಯರು ಬಾಳೆಹಣ್ಣು ಸುಲೀತಾ ಅಟ್ಟದ ಕಡೆ ಕತ್ತೆತ್ತಿ ನೋಡಿದ್ರು.

"ಆಗಿದಾರೆ ಕಣಯ್ಯ. ಕೆಳಗಿಂದ ನೋಡಿದ್ರೆ ಕಾಣೋದೇ ಇಲ್ಲ."

ಮಾದಯ್ಯನೂ ಕತ್ತೆತ್ತಿ ನೋಡ್ದ. "ಊ ಸಾ," ಅಂದ, "ಮಾತ್ರೆ ಅಂದ್ರೆ ಅಂಗಿರ್ಬೇಕು."