ನರಿಕೊಂಬಿನ ಆಶಾ ಕಾರ್ಯಕರ್ತೆಗೆ ಅವರದೇ ಸೊಸೆಯ ದೂರು

ಸನ್ಮಾನ್ಯ ಆಶಾ ಕಾರ್ಯಕರ್ತೆ ಶ್ರೀಮತಿ ಪ್ರೇಮಾವತಿಯವರ ಸನ್ನಿಧಾನಕ್ಕೆ, ಅವರದೇ ಅಡುಗೆಕೋಣೆಯಿಂದ ಸೊಸೆ ನವ್ಯಾಳ ಅನಂತ ವಂದನೆಗಳು.

ಮಾನ್ಯರೇ,

ತಾವು ಹನ್ನೊಂದು ವರ್ಷಗಳಿಂದ ನರಿಕೊಂಬಿನ ಮನೆಮನೆಗೆ ನಡೆದು ಸಲ್ಲಿಸುತ್ತಿರುವ ಸೇವೆಯನ್ನು ಹೊಗಳಲು ನನ್ನಲ್ಲಿ ಪದಗಳಿಲ್ಲ, ಇದ್ದರೂ ತಮ್ಮೆದುರು ಆಡುವ ಧೈರ್ಯವಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ. ಬಸಿರು ಹೇಗೆ ನಿಲ್ಲುತ್ತದೆ, ನಿಲ್ಲದಿರಲು ಏನು ಮಾಡಬೇಕು ಎಂಬುದನ್ನು ತಾವು ಹೊಸ ಜೋಡಿಗಳನ್ನು ಎದುರು ಕೂರಿಸಿಕೊಂಡು ವಿವರಿಸುತ್ತೀರಂತೆ. ನಿರೋಧ್, ಕಾಪರ್-ಟಿ, ವಾರದ ಗುಳಿಗೆ, ಮೂರು ತಿಂಗಳ ಚುಚ್ಚುಮದ್ದುಗಳನ್ನು ಸಂತೆಯ ತರಕಾರಿಯಷ್ಟು ಸಲೀಸಾಗಿ ಹೆಸರಿಸುತ್ತೀರಂತೆ. ನಾನು ಕಣ್ಣಾರೆ ಕಂಡದ್ದೆಂದರೆ, ಟಿವಿಯಲ್ಲಿ ಪ್ಯಾಡಿನ ಜಾಹೀರಾತು ಬಂದಾಗ ತಾವು ರಿಮೋಟಿಗಾಗಿ ಇಡೀ ಸೋಫಾ ತಡಕಾಡುವುದನ್ನು ಮಾತ್ರ.

ತಮ್ಮ ವರದಿಗಳನ್ನು ಮೊಬೈಲಿಗೆ ತುಂಬುವ ಭಾಗ್ಯ ನನ್ನದಾಗಿರುವುದರಿಂದ ಒಂದು ಸಂಗತಿ ಕಣ್ಣಿಗೆ ಬಿತ್ತು. ತಾವು ಈ ಸಲಹೆ ಕೊಡಬೇಕಾದ ಅರ್ಹ ದಂಪತಿಗಳ ಪಟ್ಟಿಯಲ್ಲಿ ಬಲಗಡೆಯ ಮನೆಯಿದೆ, ಎಡಗಡೆಯ ಮನೆಯಿದೆ, ನಡುವೆ ನಮ್ಮ ಮನೆಯಿಲ್ಲ. ತಮ್ಮ ಸುಪುತ್ರ ಉಜ್ವಲ್ ಮತ್ತು ನಾನು ದಂಪತಿಗಳೆಂಬುದು ಇನ್ನೂ ತಮ್ಮ ಗಮನಕ್ಕೆ ಬಂದಂತಿಲ್ಲ. ಹಾಗಾದರೆ ತಮ್ಮ ಏಳು ತಿಂಗಳ ಮೊಮ್ಮಗಳು ವಿಸ್ಮಿತಾಳನ್ನು ಪವಾಡವೆಂದೇ ತಿಳಿಯಬೇಕಾಗುತ್ತದೆ.

ಎದೆಹಾಲು ಕೊಡುತ್ತಿರುವಷ್ಟು ಕಾಲ, ಮುಟ್ಟು ಮರಳುವ ತನಕ, ಬಸಿರಿನ ಭಯವಿಲ್ಲವೆಂದು ತವರಿನಲ್ಲಿ ಹೇಳಿದ್ದನ್ನು ನಂಬಿ ನಾನು ನಿಶ್ಚಿಂತೆಯಿಂದಿದ್ದೆ. ಕಳೆದ ತಿಂಗಳು ಪಕ್ಕದ ಮನೆಯ ಮುರ್ಶಿದಾ ಬಟ್ಟೆ ಒಣಹಾಕುತ್ತ, ಕಂಪೌಂಡಿನ ಆಚೆಯಿಂದ ಹೇಳಿದಳು: "ಮಗು ರಾಗಿ ಮಣ್ಣಿ ತಿನ್ಲಿಕ್ಕೆ ಶುರು ಮಾಡಿದ ಮೇಲೆ ಹಾಲನ್ನು ನಂಬ್ಲಿಕ್ಕೆ ಆಗುದಿಲ್ಲ. ಮುಟ್ಟಾಗುವ ಮೊದಲೇ ಬಸಿರಾಗುದುಂಟು. ನಿನ್ನ ಅತ್ತೆಯೇ ಹೇಳಿದ್ದು ಮಾರಾಯ್ತಿ, ನಿನಗೆ ಹೇಳ್ಲಿಲ್ವಾ?"

ಮುಟ್ಟಿಗೆ ಸುಮಾರು ಎರಡು ವಾರ ಮೊದಲೇ ಅಂಡ ಬಿಡುಗಡೆಯಾಗುತ್ತದೆಂದೂ, ಆ ದಿನಗಳಲ್ಲಿ ಗಂಡನೊಡನೆ ಸೇರಿದರೆ ಮುಟ್ಟಿನ ಬದಲು ಬಸಿರೇ ಬರಬಹುದೆಂದೂ, ಬರೀ ಹಾಲನ್ನೇ ಕುಡಿಯುವ ಮಗುವಾದರೂ ಆರು ತಿಂಗಳು ದಾಟಿದ ಮೇಲೆ ಆ ಕಾವಲು ಸಾಲದೆಂದೂ ತಾವು ಅವಳಿಗೆ ಬಿಡಿಸಿ ಹೇಳಿದ್ದಿರಂತೆ. ಗೋಡೆಯ ಈಚೆಗೆ ಮಲಗುವ ನನಗೆ ಈ ಜ್ಞಾನ ಪಕ್ಕದ ಮನೆ ಸುತ್ತಿ ಬಂತು. ಅಂದಿನಿಂದ ತಮ್ಮ ಮಗ ಚಾವಡಿಯಲ್ಲಿ ಮಲಗುತ್ತಿರುವುದು ಸೆಕೆಗಲ್ಲ.

ಜೂನ್‌ನಲ್ಲಿ ನಾನು ಮಿಜಾರಿನ ಕಾಲೇಜಿನ ಲ್ಯಾಬಿಗೆ ಮತ್ತೆ ಕೆಲಸಕ್ಕೆ ಸೇರಬೇಕು. ವಿಸ್ಮಿತಾ ಹೊಟ್ಟೆಯಲ್ಲಿದ್ದಾಗ ಬಸ್ಸಿನಲ್ಲಿ ವಾಂತಿ ತಾಳಲಾಗದೆ ಬಿಟ್ಟ ಕೆಲಸವದು. ಇನ್ನೊಮ್ಮೆ ಬಿಟ್ಟರೆ ಮತ್ತೆ ಕರೆಯುವವರಿಲ್ಲ. ನನಗೆ ನಿಜಕ್ಕೂ ಹೆದರಿಕೆಯಾಗಿತ್ತು. ಇನ್ನೊಂದು ಮಗು ಬೇಡವೆಂದಲ್ಲ, ಈಗ ಬೇಡ.

ಆದ್ದರಿಂದ ತಾವು ಒಂದು ದಿನ ಸಮವಸ್ತ್ರದ ಸೀರೆಯುಟ್ಟು, ಹಿಂಬಾಗಿಲಿನಿಂದ ಹೊರಟು, ಮನೆಗೊಂದು ಸುತ್ತು ಬಂದು, ಎದುರಿನ ಬಾಗಿಲು ತಟ್ಟಬೇಕಾಗಿ ವಿನಂತಿ. ನಾನು ತಮ್ಮನ್ನು ಎಂದೂ ಕಂಡಿಲ್ಲದವಳಂತೆ ಬೆಲ್ಲ ನೀರು ಕೊಡುತ್ತೇನೆ. ತಾವು ಗಂಡನ ಹೆಸರು ಕೇಳಿ, ಆ ಹೆಸರನ್ನು ಮೊದಲ ಸಲ ಕೇಳುತ್ತಿರುವವರಂತೆ ಬರೆದುಕೊಳ್ಳಿ. ಅವರನ್ನೂ ಕೂರಿಸಿಕೊಳ್ಳಿ, ಏಕೆಂದರೆ ಈ ವಿಷಯದಲ್ಲಿ "ಅಮ್ಮನಲ್ಲಿ ಕೇಳು" ಎಂಬುದರ ಹೊರತು ಅವರಿಗೆ ಬೇರೆ ಉಪಾಯ ತಿಳಿಯದು. ಇಷ್ಟೂ ಕಷ್ಟವಾದರೆ ಸರಕಾರಕ್ಕೆ ಬರೆದು ನಮ್ಮ ಮನೆಯೊಂದನ್ನು ಮಾತ್ರ ನೆರೆಯ ಪಾಣೆಮಂಗಳೂರಿಗೆ ಸೇರಿಸಿಬಿಡಿ. ಅಲ್ಲಿಯ ಕಾರ್ಯಕರ್ತೆಗೆ ನಾನು ಸೊಸೆಯಲ್ಲ.

ಪಟ್ಟಿಗೆ ಸೇರಲು ಕಾದಿರುವ,
ತಮ್ಮ ವಿಶ್ವಾಸಿ,
ನವ್ಯಾ

ತಾ.ಕ.: ಮೊನ್ನೆ ನಾನು ಎರಡು ಸಲ ಉಪ್ಪಿನಕಾಯಿ ಹಾಕಿಕೊಂಡದ್ದನ್ನು ಕಂಡು ತಾವು ನನ್ನ ತಾಯಿಗೆ ಫೋನ್ ಮಾಡಿ ದನಿ ತಗ್ಗಿಸಿ ಸಂತೋಷಪಟ್ಟದ್ದು ತಿಳಿಯಿತು. ಸಾರಿಗೆ ಉಪ್ಪು ಕಡಿಮೆಯಿತ್ತು, ಅಷ್ಟೇ. ತಮ್ಮ ಮಗ ಚಾವಡಿಗೆ ಹೋದ ಮೇಲೆ ಮೂರು ವಾರ ಕಾದು, ತಮ್ಮ ಕಪಾಟಿನಿಂದ ಬಸಿರು ಪರೀಕ್ಷೆಯ ಕಿಟ್ ಒಂದನ್ನು ಕೇಳದೆ ತೆಗೆದವಳು ನಾನೇ. ಒಂದೇ ಗೆರೆ ಬಂತು, ಬಚ್ಚಲಿನಲ್ಲಿ ನಿಂತು ಸಮಾಧಾನಕ್ಕೆ ಕಣ್ಣೀರು ಹಾಕಿದೆ. ಕಪಾಟಿನಲ್ಲಿ ಇನ್ನೊಂದು ಕಿಟ್ ಉಳಿದಿದೆ. ಅದನ್ನು ನಾನು ತೆಗೆಯುವ ಮೊದಲು ತಾವು ಬಾಗಿಲು ತಟ್ಟಿ.