ಬಿಸಿಲಿಗೆ ಎರಡು ಮೀಟರು

ಬೆಳಿಗ್ಗೆ ಕರೆಂಟ್ ಬಿಲ್ಲು ಬಂತು. ತಾರಸಿಯ ಮೇಲೆ ಸೋಲಾರ್ ಫಲಕ ಕೂರಿಸಿ ಎರಡು ತಿಂಗಳಾದರೂ ಟೈಲರ್ ಮಾಸ್ತರರ ಬಿಲ್ಲು ಸಾಸಿವೆಯಷ್ಟೂ ಇಳಿದಿರಲಿಲ್ಲ.

"ರೀ, ಹಾಕಿದ ದುಡ್ಡು ಐದೇ ವರ್ಷಕ್ಕೆ ವಾಪಸ್ಸು, ಅಡವಿಟ್ಟ ಬಳೆ ಬಿಡಿಸಿ ಕೊಡ್ತೀನಿ ಅಂದಿದ್ರಲ್ಲ? ಹೀಗಾದ್ರೆ ಬಳೆ ಬರೋ ಹೊತ್ತಿಗೆ ಹಾಕ್ಕೊಳ್ಳೋಕೆ ನಾನೇ ಇರೋದಿಲ್ಲ!" ಎಂದಳು ಹೆಂಡತಿ.

ಊರಿನ ಸೊಂಟಗಳನ್ನೆಲ್ಲ ಅಳೆದ ಮಾಸ್ತರರಿಗೆ ಬಿಸಿಲನ್ನು ಎಲ್ಲಿಂದ ಎಲ್ಲಿಗೆ ಅಳೆಯಬೇಕೆಂದೇ ತಿಳಿಯಲಿಲ್ಲ. ಮಹಡಿಯಲ್ಲಿ ಬಾಡಿಗೆಗಿದ್ದ ಸ್ಕೂಲ್ ಮೇಷ್ಟ್ರು ಇಣುಕಿದರು. "ಧೂಳು ಕೂತಿರುತ್ತೆ, ಒರೆಸಿ. ನನ್ನ ಬಿಲ್ ನೋಡಿ, ಸೊನ್ನೆ! ಹಿತಮಿತವಾಗಿ ಬಳಸಬೇಕು ಸ್ವಾಮಿ."

ಮಾಸ್ತರರು ಗಡಿಬಿಡಿಯಲ್ಲಿ ಗಿರಾಕಿಯ ಪ್ಯಾಂಟಿನ ಬಟ್ಟೆಯಲ್ಲೇ ಫಲಕ ಒರೆಸಿ ಬಂದರು. ಪ್ಯಾಂಟು ಕೆಟ್ಟಿತು, ಮೀಟರು ಮಾತ್ರ ಓಡುತ್ತಲೇ ಇತ್ತು.

ಮಧ್ಯಾಹ್ನ ಫಲಕ ಕೂರಿಸಿದ್ದ ಫಿಟ್ಟರ್ ಬಂದು, ಮೆಟ್ಟಿಲ ಕೆಳಗಿನ ಮೀಟರ್ ಪೆಟ್ಟಿಗೆ ತೆಗೆದು ಹಣೆ ಚಚ್ಚಿಕೊಂಡ. "ಎರಡು ಮೀಟರ್ ಅಕ್ಕಪಕ್ಕ ಇವೆ ಸಾರ್. ನಿಮ್ಮ ಬಿಸಿಲೆಲ್ಲ ಮೇಷ್ಟ್ರ ಮೀಟರಿಗೆ ಹೋಗ್ತಿದೆ!" ತಂತಿ ಬದಲಾಯಿಸಿ ಹೊರಟುಹೋದ.

ಮಾಸ್ತರರು ಕುಣಿಯುತ್ತಾ ಮೇಷ್ಟ್ರಿಗೂ, ಫೋನಿನಲ್ಲಿ ಭಾವಮೈದನಿಗೂ ವಿಷಯ ಹೇಳಿದರು. ಆಗಿದ್ದ ತಪ್ಪನ್ನು ಹೇಳುವ ಉತ್ಸಾಹದಲ್ಲಿ, ಅದು ಸರಿಯಾಯಿತೆಂದು ಹೇಳುವುದನ್ನೇ ಮರೆತರು.

ಸ್ವಲ್ಪ ಹೊತ್ತಿಗೆ ಭಾವಮೈದ ಸ್ಕ್ರೂಡ್ರೈವರ್ ಬೀಸುತ್ತಾ ಒಳಗೆ ಬಂದ. "ಭಾವ, ಬರ್ತಾನೇ ತಂತಿ ಬದಲಾಯಿಸಿಬಿಟ್ಟೆ!"

"ಅಯ್ಯೋ ಪುಣ್ಯಾತ್ಮ! ಫಿಟ್ಟರ್ ಆಗ್ಲೇ ಸರಿ ಮಾಡಿದ್ನಲ್ಲೋ. ಓಡು, ಮತ್ತೆ ತಿರುಗಿಸು!"

ಅವನು ಓಡಿ, ತಿರುಗಿಸಿ ಬಂದ. ಇಬ್ಬರೂ ನೆಮ್ಮದಿಯಿಂದ ಕಾಫಿಗೆ ಕೂತರು. ಲೋಟ ಖಾಲಿಯಾಗುವ ಹೊತ್ತಿಗೆ ಮೇಷ್ಟ್ರು ಕೈ ಒರೆಸಿಕೊಳ್ಳುತ್ತಾ ಬಾಗಿಲಲ್ಲಿ ನಿಂತಿದ್ದರು.

"ಇನ್ನೊಬ್ಬರ ಬಿಸಿಲು ನನಗೆ ದಕ್ಕೋದಿಲ್ಲ ಮಾಸ್ತರೇ. ಈಗಷ್ಟೇ ನಾನೇ ತಂತಿ ಬದಲಾಯಿಸಿದೆ. ಇನ್ಯಾರೂ ಕೈಯಾಡಿಸಬಾರದು ಅಂತ ಪೆಟ್ಟಿಗೆಗೆ ಬೀಗಾನೂ ಜಡಿದೆ."

ಮಾಸ್ತರರು ಬೆರಳು ಮಡಿಚಿದರು. ಫಿಟ್ಟರ್ ಒಂದು, ಭಾವಮೈದ ಎರಡು, ಅವನೇ ಮೂರು, ಮೇಷ್ಟ್ರು ನಾಲ್ಕು. ತಂತಿ ಊರೆಲ್ಲ ಸುತ್ತಿ, ಹೊರಟ ಜಾಗಕ್ಕೇ ಬಂದು ಕೂತಿತ್ತು.

"ಕೀ ಕೊಡಿ ಮೇಷ್ಟ್ರೇ, ಬೇಗ!"

ಮೇಷ್ಟ್ರು ಜೇಬು ತಡಕಿದರು. ಇನ್ನೊಂದು ಜೇಬು ತಡಕಿದರು. ಮುಖ ಪೆಚ್ಚಾಯಿತು. "ಕೀ... ಪೆಟ್ಟಿಗೆಯೊಳಗೇ ಉಳೀತು ಅನ್ಸುತ್ತೆ."

ಮಾಸ್ತರರು ಮೆಲ್ಲಗೆ ಹೆಂಡತಿಯ ಕಡೆ ತಿರುಗಿದರು. "ಬೇಜಾರು ಮಾಡ್ಕೋಬೇಡ ಮಾರಾಯ್ತಿ. ಐದು ವರ್ಷಾನ ಇವತ್ತಿಂದ ಎಣಿಸು."

"ಎಣಿಸ್ತೀನಿ," ಎಂದಳು ಆಕೆ. "ಯಾರ ಮೀಟರಲ್ಲಿ?"